ಇಂಗು ತಿಂದ ಮಂಗ

ಸೋಮವಾರ ಬೆಳಿಗ್ಗೆ ಆಫೀಸಿಗೆ ರಜೆ ಕೇಳಿ ಮೆಸೇಜ್ ಹಾಕಬೇಕಿತ್ತು. ಕಾರಣ ಏನಂತ ಬರೆಯೋದು? ಜ್ವರ ಇಲ್ಲ, ನೆಗಡಿ ಇಲ್ಲ, ಊರಲ್ಲಿ ಯಾರೂ ತೀರಿಕೊಂಡಿಲ್ಲ. ಸುಳ್ಳು ಹೇಳೋಕೆ ಮನಸ್ಸಾಗದೆ "ಸಾರು ಅನ್ನ ತಿಂದು ಹೊಟ್ಟೆ ಕೆಟ್ಟಿದೆ, ಇವತ್ತು ಬರಲ್ಲ" ಅಂತ ಬರೆದೆ. ನಮ್ಮ ಮ್ಯಾನೇಜರ್ ಹಾಸನದವರು. ಎರಡು ನಿಮಿಷ ಬಿಟ್ಟು ಉತ್ತರ ಬಂತು: "ಹೊಟ್ಟೆ ಕೆಟ್ಟರೆ ಸಾರು ಅನ್ನ ತಿಂತಾರೆ ಕಣ್ರೀ." ಅವರ ಮಾತೂ ಸರಿ. ಲೋಕದಲ್ಲಿ ಯಾರಿಗೇ ಹೊಟ್ಟೆ ಕೆಟ್ಟರೂ ಕೊನೆಗೆ ಸಾರು ಅನ್ನಕ್ಕೆ ಬಂದು ನಿಲ್ಲುತ್ತಾರೆ. ನಾನು ಸಾರು ಅನ್ನದಿಂದಲೇ ಶುರು ಮಾಡಿದ್ದೆ. ಇನ್ನು ಹೋಗೋದೆಲ್ಲಿಗೆ?

ಇದನ್ನ ಬರೆಯುತ್ತಿರೋದು ಬುಧವಾರ ರಾತ್ರಿ. ಹೊಟ್ಟೆ ಒಂದು ಹದಕ್ಕೆ ಬಂದಿದೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ನನಗೆ ಸೀಲಿಯಾಕ್ ಅಂತ ಒಂದು ಕಾಯಿಲೆ ಇದೆ. ಹೆಸರು ಕೇಳಿದರೆ ಯಾವುದೋ ಹೊಸ ಕಾರು ಬಿಟ್ಟ ಹಾಗಿದೆ. ಮೂರು ವರ್ಷದ ಹಿಂದೆ ಗೊತ್ತಾಯಿತು. ಅದಕ್ಕೂ ಮುಂಚೆ ಎರಡು ವರ್ಷ ನನ್ನ ಹಿಮೋಗ್ಲೋಬಿನ್ ಒಂಬತ್ತರ ಗೆರೆ ದಾಟಿರಲಿಲ್ಲ. ಕಬ್ಬಿಣದ ಮಾತ್ರೆ, ಬೀಟ್‌ರೂಟು, ಖರ್ಜೂರ, ನುಗ್ಗೆಸೊಪ್ಪು, ಯಾರೋ ಹೇಳಿದರು ಅಂತ ಕಬ್ಬಿಣದ ಬಾಣಲೆ, ಎಲ್ಲ ಆಯಿತು. ತಿಂದದ್ದೆಲ್ಲ ಎಲ್ಲಿ ಸೋರಿ ಹೋಗುತ್ತಿದೆ ಅಂತ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಒಬ್ಬ ಡಾಕ್ಟರು ಟಿಟಿಜಿ ಅಂತ ಒಂದು ರಕ್ತ ಪರೀಕ್ಷೆ ಬರೆದುಕೊಟ್ಟರು. ಆಮೇಲೆ ಬಾಯಿಂದ ಪೈಪು ಇಳಿಸಿ ಸಣ್ಣ ಕರುಳಿನ ಚೂರು ತೆಗೆದು ನೋಡಿದರು. ಗೋಧಿ, ಬಾರ್ಲಿ, ರೈ, ಈ ಮೂರು ಧಾನ್ಯಗಳಲ್ಲಿ ಗ್ಲೂಟನ್ ಅಂತ ಪ್ರೋಟೀನ್ ಇರುತ್ತೆ. ಚಪಾತಿ ಹಿಟ್ಟು ಎಳೆದರೆ ಹರಿಯದೆ ಜಗ್ಗುತ್ತಲ್ಲ, ಆ ಜಿಗುಟು. ಅದು ಒಳಗೆ ಹೋದರೆ ನನ್ನ ಮೈಯ ಕಾವಲುಗಾರರು ಕಳ್ಳನನ್ನ ಬಿಟ್ಟು ಮನೆಯವರಿಗೇ ಹೊಡೆಯೋಕೆ ಶುರು ಮಾಡುತ್ತಾರೆ. ಡಾಕ್ಟರು ಇನ್ನೂ ಚೆನ್ನಾಗಿ ಹೇಳಿದರು: "ಕರುಳಿನ ಒಳಮೈ ಹೊಸ ಟರ್ಕಿ ಟವೆಲ್ ಥರ ಇರಬೇಕು. ನಿಮ್ಮದು ಹತ್ತು ವರ್ಷ ಒಗೆದು ಒಗೆದು ನೆಲ ಒರೆಸೋಕೆ ಇಟ್ಟ ಟವೆಲ್ ಆಗಿದೆ." ಹಾಲಿನ ಸಕ್ಕರೆಯನ್ನ, ಅಂದರೆ ಲ್ಯಾಕ್ಟೋಸನ್ನ, ಅರಗಿಸುವ ಕಿಣ್ವ ಆ ಟವೆಲ್ಲಿನ ಎಳೆಗಳ ತುದಿಯಲ್ಲೇ ಇರೋದಂತೆ. ಎಳೆ ಸವೆದ ಮೇಲೆ ಅದೂ ಹೋಯಿತು.

ಇದಕ್ಕೆ ಮಾತ್ರೆ ಇಲ್ಲ, ಆಪರೇಷನ್ ಇಲ್ಲ. ಗೋಧಿ ಜನ್ಮಪೂರ್ತಿ ಬಿಡಬೇಕು. ಹಾಲು "ಸದ್ಯಕ್ಕೆ" ಬಿಡಿ ಅಂದರು. ಆ ಸದ್ಯಕ್ಕೆ ಇನ್ನೂ ಮುಗಿದಿಲ್ಲ. ಮಧ್ಯೆ ಎರಡು ಸಲ ಧೈರ್ಯ ಮಾಡಿ ಅರ್ಧ ಲೋಟ ಕಾಫಿ ಕುಡಿದು ನೋಡಿದೆ. ಮೊಸರಲ್ಲಿ ಲ್ಯಾಕ್ಟೋಸ್ ಕಡಿಮೆ, ಕೆಲವರಿಗೆ ಒಗ್ಗುತ್ತೆ ಅಂದರು, ಅದನ್ನೂ ನೋಡಿದೆ. ಆ ಕೆಲವರಲ್ಲಿ ನಾನಿಲ್ಲ. ಹೀಗಾಗಿ ಊಟಕ್ಕೆ ಕೂತರೆ ಹುಳಿ ಆಯಿತು, ಸಾರು ಆಯಿತು, ಆಮೇಲೆ? ಆಮೇಲೆ ಏನೂ ಇಲ್ಲ. ಸಾಲಲ್ಲಿ ಎಲ್ಲರೂ ಮೊಸರನ್ನ ಕಲಸುವಾಗ ನಾನು ಒಣಗಿದ ಕೈ ಹಿಡಿದುಕೊಂಡು, ಬಸ್ಸು ತಪ್ಪಿಸಿಕೊಂಡವನ ಹಾಗೆ, ಎಲೆ ಮುಂದೆ ಸುಮ್ನೆ ಕೂತಿರುತ್ತೇನೆ.

ನೆಂಟರಿಗೆ ಈ ಸುದ್ದಿ ಮುಟ್ಟಿಸಿದ್ದು ನನ್ನ ಹೆಂಡತಿ, ಫೋನಲ್ಲಿ. "ಅವರು ಗ್ಲೂಟನ್ ತಿನ್ನೋ ಹಾಗಿಲ್ಲ" ಅಂತ ಇವಳು ಹೇಳಿದ್ದು. ಆ ಕಡೆ ಕೇಳಿಸಿದ್ದು ಗ್ಲೂಕೋಸ್. ಒಂದು ವಾರದಲ್ಲಿ ಶಿವಮೊಗ್ಗದಿಂದ ಚಾಮರಾಜನಗರದವರೆಗೆ ನನಗೆ ಸಕ್ಕರೆ ಕಾಯಿಲೆ ಬಂದಿತ್ತು. ಮದುವೆ ಮನೆಗಳಲ್ಲಿ ನನ್ನ ಮುಖ ಕಂಡ ಕೂಡಲೇ ಯಾರಾದರೂ ಓಡಿಬಂದು, "ನಿಂಗೆ ಅಂತ ಸಕ್ಕರೆ ಹಾಕದೆ ಕಾಫಿ ಮಾಡಿಸಿದೀನಿ, ಜೊತೆಗೆ ಎರಡು ಚಪಾತಿ" ಅಂತ ಪ್ರೀತಿಯಿಂದ ಕೈಗಿಡುತ್ತಾರೆ. ನಾನು ತಿನ್ನಬಹುದಾದ ಒಂದೇ ಒಂದು ಪದಾರ್ಥವನ್ನ ತೆಗೆದು, ತಿನ್ನಬಾರದ ಎರಡನ್ನ ಕೊಡುತ್ತಾರೆ.

ಹಾಗಂತ ನಾನೇನು ಉಪವಾಸ ಬಿದ್ದಿದ್ದೇನೆ ಅಂದುಕೊಳ್ಳಬೇಡಿ. ನಿಜ ಹೇಳಬೇಕು ಅಂದರೆ ಈ ಕಾಯಿಲೆ ಬರೋದೇ ಆದರೆ ಕರ್ನಾಟಕದಲ್ಲಿ ಬರಬೇಕು. ಪಂಜಾಬಿನಲ್ಲಿ ಬಂದಿದ್ದರೆ ಏನು ಗತಿ, ಯೋಚನೆ ಮಾಡಿ. ಇಲ್ಲಿ ರಾಗಿ ಮುದ್ದೆ ಇದೆ, ಅಕ್ಕಿ ರೊಟ್ಟಿ ಇದೆ, ಜೋಳದ ರೊಟ್ಟಿ ಎಣ್ಣೆಗಾಯಿ ಇದೆ, ನೀರು ದೋಸೆ, ಕಡುಬು, ಒತ್ತು ಶಾವಿಗೆ, ಅದಕ್ಕೆ ಕಾಯಿಹಾಲು. ನವಣೆ, ಸಾಮೆ, ಸಜ್ಜೆ, ಹಾರಕ ಯಾವುದರಲ್ಲೂ ಗ್ಲೂಟನ್ ಇಲ್ಲ. 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡಿದ ಮೇಲಂತೂ ನಾನು ತಿನ್ನೋದೇ ಫ್ಯಾಷನ್ ಆಗಿ, ಕೆಜಿಗೆ ಇಷ್ಟಿದ್ದದ್ದು ಅಷ್ಟಾಯಿತು. ಸೂಪರ್ ಮಾರ್ಕೆಟ್ಟಲ್ಲಿ ಅಕ್ಕಿ ಪ್ಯಾಕೆಟ್ಟಿನ ಮೇಲೂ 'ಗ್ಲೂಟನ್ ಫ್ರೀ' ಅಂತ ಚಿನ್ನದ ಅಕ್ಷರದಲ್ಲಿ ಬರೆದು ಜಾಸ್ತಿ ದುಡ್ಡು ಕೇಳುತ್ತಾರೆ. ಅಕ್ಕಿಯಲ್ಲಿ ಗ್ಲೂಟನ್ ಯಾವತ್ತಿತ್ತು ಸ್ವಾಮಿ?

ತೊಂದರೆ ಇರೋದು ಊಟದಲ್ಲಲ್ಲ, ರವೆಯಲ್ಲಿ. ರವೆ ಅನ್ನೋದು ಗೋಧಿಯಿಂದ ಬರುತ್ತೆ ಅಂತ ನಮ್ಮ ಜನ ಒಪ್ಪೋದೇ ಇಲ್ಲ. ಎಲ್ಲೋ ರವೆ ಮರ ಇದೆ, ಅದನ್ನ ಅಲ್ಲಾಡಿಸಿದರೆ ಚಿರೋಟಿ ರವೆ ಕೆಳಗೆ, ಬಾಂಬೆ ರವೆ ಆಚೆ, ಬನ್ಸಿ ರವೆ ಈಚೆ ಉದುರುತ್ತೆ ಅನ್ನೋ ಹಾಗೆ ಮಾತಾಡುತ್ತಾರೆ. ನಮ್ಮ ಬಡಾವಣೆಯ ದರ್ಶಿನಿಯೊಂದರಲ್ಲಿ ಒಂದು ಸಲ ಕೇಳಿದೆ, ದೋಸೆಗೆ ಗೋಧಿ, ಮೈದಾ ಏನಾದರೂ ಹಾಕ್ತೀರಾ ಅಂತ.

"ಛೆ ಛೆ, ಇಲ್ಲ ಸಾರ್. ಬರೀ ಅಕ್ಕಿ, ಉದ್ದು."

"ಬೇರೆ ಏನೂ ಇಲ್ವಾ?"

"ಏನೂ ಇಲ್ಲ ಸಾರ್. ಗರಿಗರಿ ಬರಲಿ ಅಂತ ಒಂದು ಹಿಡಿ ಚಿರೋಟಿ ರವೆ, ಅಷ್ಟೇ."

"ರವೆ ಗೋಧಿ ಅಲ್ವೇನ್ರೀ?"

ಅವರು ನನ್ನ ಕಡೆ ಮರುಕದಿಂದ ನೋಡಿದರು. "ಗೋಧಿ ಅಂದ್ರೆ ಚಪಾತಿ ಸಾರ್."

ರವೆಯ ಬಗ್ಗೆ ನನಗೆ ಒಂದು ಸಂಗತಿ ಯಾವಾಗಲೂ ತಮಾಷೆ ಅನ್ನಿಸುತ್ತೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಹೋದಾಗ ನಮ್ಮ ಬೆಂಗಳೂರಿನ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿ ನೋಡಿದರು, ರವೆ ಇಡ್ಲಿ ಹುಟ್ಟಿತು ಅಂತ ಹೇಳುತ್ತಾರಲ್ಲ. ಅದೇ ಯುದ್ಧದಲ್ಲಿ, 1944-45ರ ಚಳಿಗಾಲದಲ್ಲಿ, ಆ ಕಡೆ ನೆದರ್‌ಲೆಂಡ್ಸಿನಲ್ಲಿ ಬ್ರೆಡ್ಡಿಗೆ ಗತಿ ಇಲ್ಲದೆ ಜನ ಟ್ಯುಲಿಪ್ ಗಡ್ಡೆ ಬೇಯಿಸಿ ತಿನ್ನುತ್ತಿದ್ದರು. ಡಿಕೆ ಅಂತ ಒಬ್ಬ ಮಕ್ಕಳ ಡಾಕ್ಟರು ನೋಡುತ್ತಾರೆ, ಊರೆಲ್ಲ ಸೊರಗುತ್ತಿದ್ದರೆ ಸೀಲಿಯಾಕ್ ಇರುವ ಮಕ್ಕಳು ಮಾತ್ರ ಚೇತರಿಸಿಕೊಳ್ಳುತ್ತಿದ್ದಾರೆ. ಬ್ರೆಡ್ ಮತ್ತೆ ಬಂತು, ಮಕ್ಕಳು ಮತ್ತೆ ಮಲಗಿದರು. ಗೋಧಿಯೇ ಕಾರಣ ಅನ್ನೋ ಅವರ ಅನುಮಾನ ಹಾಗೆ ಗಟ್ಟಿಯಾಯಿತು. ಅಂದರೆ ಅಲ್ಲಿ ಗೋಧಿ ಇಲ್ಲದೆ ನನ್ನಂಥವರು ಬದುಕಿಕೊಂಡರು, ಇಲ್ಲಿ ಅಕ್ಕಿ ಇಲ್ಲದೆ ನನ್ನಂಥವರ ಪಾಲಿಗೆ ಇಡ್ಲಿ ಕೂಡ ಕೆಟ್ಟಿತು. ಈಗ ಹೋಟೆಲಲ್ಲಿ ಇಡ್ಲಿ ಅಂದ ಕೂಡಲೇ "ಯಾವ ಇಡ್ಲಿ?" ಅಂತ ಕೇಳಬೇಕು. ರವೆ ಇಡ್ಲಿಗಂತೂ ಮೊಸರೂ ಹಾಕಿರುತ್ತಾರೆ, ಒಂದೇ ಏಟಿಗೆ ಎರಡೂ ಕೆಲಸ.

ಇನ್ನು ಹಿಟ್ಟಿನ ಗಿರಣಿ. ರಾಗಿಯಲ್ಲಿ ಗ್ಲೂಟನ್ ಇಲ್ಲ, ಸರಿ. ಆದರೆ ನನ್ನ ಮುಂದೆ ನಿಂತವರು ಐದು ಕೆಜಿ ಗೋಧಿ ಬೀಸಿಸಿಕೊಂಡು ಹೋದ ಕಲ್ಲಿಗೇ ನನ್ನ ರಾಗಿ ಬೀಳೋದು ತಾನೆ? ಮೊದಮೊದಲು ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಹೋಗಿ, ಮೊದಲ ಗಿರಾಕಿ ನಾನೇ ಆಗಿ, ಮಿಷನ್ನು ಒರೆಸಿಸಿ, ಅರ್ಧ ಕೆಜಿ ಅಕ್ಕಿ ಹಾಕಿಸಿ ಅದನ್ನ ಅಲ್ಲೇ ಬಿಟ್ಟು, ಆಮೇಲೆ ರಾಗಿ ಹಾಕಿಸುತ್ತಿದ್ದೆ. ಗಿರಣಿಯವರು ನನಗೆ "ಮಡಿ ಸಾರ್" ಅಂತ ಹೆಸರಿಟ್ಟರು. ಇಷ್ಟೆಲ್ಲ ಮಾಡಿದರೂ ಅದು ಸಾಲದು ಅಂತ ಡಾಕ್ಟರು ಅಂದ ಮೇಲೆ ಮನೆಗೇ ಒಂದು ಪುಟ್ಟ ಗಿರಣಿ ತಂದೆ. ಬೆಳಿಗ್ಗೆ ಆರಕ್ಕೆ ಅದು ಶುರುವಾದರೆ ಕೆಳಗಿನ ಮನೆಯವರು ಎದ್ದು ಕೂರುತ್ತಾರೆ. ಆದರೂ ದಾರಿಯಲ್ಲಿ ಸಿಕ್ಕಾಗ ಆ ಗಿರಣಿಯವರು ಈಗಲೂ ಕೂಗುತ್ತಾರೆ, "ಏನ್ ಮಡಿ ಸಾರ್, ಕಾಣೋದೇ ಇಲ್ಲ!"

ನಮ್ಮಜ್ಜಿ ನಿಜವಾಗಿ ಮಡಿ ಹೆಂಗಸು. ಹೊರಗೆ ಒಂದು ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಎಲ್ಲಿಗೇ ಹೋದರೂ ತಮ್ಮ ತಂಬಿಗೆ, ತಮ್ಮ ಅವಲಕ್ಕಿ ಗಂಟು, ತಮ್ಮದೇ ಒಂದು ಸೌಟು. ನಾವು ಮೊಮ್ಮಕ್ಕಳಿಗೆ ರಜೆಯಲ್ಲಿ ಇದ್ದ ಒಂದೇ ಆಟ ಅಂದರೆ ಅಜ್ಜಿ ಮಡಿಯಲ್ಲಿರುವಾಗ ಓಡಿಹೋಗಿ ಮುಟ್ಟಿ ಬರೋದು. ಬೈಯುತ್ತಿರಲಿಲ್ಲ. ಒಂದು ಸಲ ಸುಮ್ಮನೆ ನಮ್ಮ ಕಡೆ ನೋಡಿ, ಮತ್ತೆ ಬಾವಿಗೆ ಹೋಗಿ, ಡಿಸೆಂಬರ್ ಚಳಿಯಲ್ಲಿ ತಣ್ಣೀರು ಹುಯ್ದುಕೊಂಡು ಬರುತ್ತಿದ್ದರು. ಅವರ ಮಡಿಯಲ್ಲಿ ನನಗೆ ಒಪ್ಪಲಾಗದ್ದು ಬೇಕಾದಷ್ಟಿತ್ತು, ಯಾರ್ಯಾರನ್ನ ದೂರ ನಿಲ್ಲಿಸುತ್ತಿದ್ದರು ಅಂತ ನೆನಪಾದರೆ ಈಗಲೂ ಮುಜುಗರವಾಗುತ್ತೆ. ಆದರೆ ಹೋದ ತಿಂಗಳು ಒಂದು ಛತ್ರದಲ್ಲಿ, ಮೂಲೆ ಕುರ್ಚಿಯಲ್ಲಿ ಕೂತು ನನ್ನ ಸ್ಟೀಲ್ ಡಬ್ಬಿ ತೆಗೆದು ತಣ್ಣಗಾದ ನವಣೆ ಚಿತ್ರಾನ್ನ ತಿನ್ನುತ್ತಿದ್ದೆ. ಯಾರದೋ ಮೂರು ವರ್ಷದ ಮಗು ಬಂತು. ನಕ್ಕಿತು. ಕೈಯಲ್ಲಿದ್ದ ಪೂರಿ ಚೂರನ್ನ ನನ್ನ ಡಬ್ಬಿಯೊಳಗೆ ಹಾಕಿ ಓಡಿತು. ನಾನು ಡಬ್ಬಿ ಮುಚ್ಚಿದೆ. ಅಜ್ಜಿ ಇದ್ದಿದ್ದರೆ ಅವತ್ತು ಅವರ ಪಕ್ಕದಲ್ಲೇ ಕೂತಿರುತ್ತಿದ್ದೆ ಅನ್ನಿಸಿತು. ಇಬ್ಬರೂ ನಮ್ಮ ನಮ್ಮ ಗಂಟು ಬಿಚ್ಚಿಕೊಂಡು.

ಇರಲಿ. ವಿಷಯಕ್ಕೆ ಬರುತ್ತೇನೆ. ವಿಷಯ ಅಂದರೆ ನಮ್ಮ ದೊಡ್ಡಮ್ಮ.

ದೊಡ್ಡಮ್ಮ ನಮ್ಮಮ್ಮನ ಅಕ್ಕ. 74 ವರ್ಷ. ಮೈಸೂರಿನ ಕುವೆಂಪುನಗರದಲ್ಲಿ ಮನೆ. ಕೈ ತುಂಬ ಧಾರಾಳ, ಬಾಯಿ ತುಂಬ ಮಾತು, ಅದರಲ್ಲಿ ಅರ್ಧ ಮಾತು ಒಂದೇ: "ಒಂಚೂರು." ಒಂಚೂರು ತಿಂದ್ರೆ ಏನೂ ಆಗಲ್ಲ ಕಣೋ. ಒಂಚೂರು ಬಾಯಿಗೆ ಹಾಕ್ಕೋ. ಒಂಚೂರು ತುಪ್ಪ. ಒಂಚೂರು ಪಾಯಸ, ಶಾಸ್ತ್ರಕ್ಕೆ. ಈ ಒಂಚೂರು ಅನ್ನೋದು ಎಷ್ಟು ಅಂತ ನಾನು ಮೂರು ವರ್ಷದಿಂದ ಅಳೆಯಲು ನೋಡಿದ್ದೇನೆ. ಅದು ನಿಂತ ಅಳತೆಯಲ್ಲ. ಬೇರೆಯವರು ಸಾಲ ಕೇಳಿದರೆ ಸಕ್ಕರೆಯ ಒಂಚೂರು ಒಂದು ಚಮಚ. ನನಗೆ ಬಡಿಸುವಾಗ ಹೋಳಿಗೆಯ ಒಂಚೂರು ಎರಡು ಹೋಳಿಗೆ, ಮೇಲೆ ತುಪ್ಪದ ಒಂಚೂರು ಎಲೆಯಿಂದ ಹರಿದು ಪಕ್ಕದವರ ಪಲ್ಯಕ್ಕೆ ಸೇರುವಷ್ಟು.

ಒಂದು ಸಲ ಕೂರಿಸಿಕೊಂಡು ಲೆಕ್ಕ ಸಮೇತ ಹೇಳಿದೆ. ನೋಡಿ ದೊಡ್ಡಮ್ಮ, ಒಂದು ತಿನಿಸಿಗೆ ಗ್ಲೂಟನ್ ಇಲ್ಲ ಅಂತ ಹೆಸರು ಹಾಕಬೇಕಾದರೆ ಕೆಜಿಗೆ 20 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ದೇಶದ ಕಾನೂನೇ ಇದೆ. 20 ಮಿಲಿಗ್ರಾಂ ಅಂದರೆ ಹೆಚ್ಚುಕಮ್ಮಿ ಒಂದು ಅಕ್ಕಿ ಕಾಳಿನ ತೂಕ. ಒಂದು ಕೆಜಿಯಲ್ಲಿ ಒಂದು ಕಾಳು. ಹೊಟ್ಟೆ ನೋಯದೇ ಇದ್ದರೂ ಒಳಗೆ ಕರುಳಿಗೆ ಏಟು ಬೀಳುತ್ತಿರುತ್ತೆ.

ದೊಡ್ಡಮ್ಮ ಕನ್ನಡಕ ತೆಗೆದು, ಸೆರಗಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಅಂದರು: "ಅಂದ್ರೆ ಒಂಚೂರು ತಿನ್ನಬಹುದು ಅಂತ ಸರ್ಕಾರದವರೇ ಹೇಳಿದಾರೆ."

ಅವರಿಗೆ ನನ್ನ ಮೇಲೆ ಕಾಳಜಿ ಇಲ್ಲ ಅಂತಲ್ಲ. ಕಾಳಜಿಯೇ ಕಷ್ಟ. ಗೋಧಿ ಬೇಡ ಅಂದರೆ ಬೆಳಗಾವಿ ಕಡೆಯಿಂದ ಯಾರ ಕೈಲೋ ಜವೆ ಗೋಧಿ ತರಿಸಿ, ಪಾಯಸ ಮಾಡಿ, "ಇದು ಆ ಗೋಧಿ ಅಲ್ಲ, ಹಳೇ ಕಾಲದ ಗೋಧಿ, ಸಕ್ಕರೆ ಕಾಯಿಲೆಗೂ ಒಳ್ಳೇದು" ಅಂದರು. ಹಳೇ ಕಾಲದ ಗೋಧಿಯಲ್ಲೂ ಗ್ಲೂಟನ್ ಇದೆ, ನನಗೆ ಸಕ್ಕರೆ ಕಾಯಿಲೆಯೂ ಇಲ್ಲ. ಇನ್ನೊಂದು ಸಲ ನನ್ನ ಹೆಂಡತಿ, "ಇವರು ಈಗ ಬಾದಾಮಿ ಹಾಲು ಕುಡೀತಾರೆ ದೊಡ್ಡಮ್ಮ" ಅಂತ ಬಾಯಿತಪ್ಪಿ ಹೇಳಿದ್ದಳು. ಇವಳು ಹೇಳಿದ್ದು ಬಾದಾಮಿಯನ್ನ ನೆನೆಸಿ, ರುಬ್ಬಿ, ಹಿಂಡಿದ ನೀರಿನಂಥ ಹಾಲು. ನಾವು ಹೋಗೋ ಹೊತ್ತಿಗೆ ಫ್ರಿಜ್ಜಲ್ಲಿ ಆರು ಬಾಟಲಿ ತಣ್ಣನೆಯ ಬಾದಾಮಿ ಹಾಲು ಕಾಯುತ್ತಿತ್ತು. ಹಳದಿ, ಏಲಕ್ಕಿ ಹಾಕಿದ್ದು, ಬಸ್ ಸ್ಟ್ಯಾಂಡಲ್ಲಿ ಸಿಗುತ್ತಲ್ಲ ಅದೇ. ಅಪ್ಪಟ ಹಸುವಿನ ಹಾಲು. "ಕುಡಿ ಕುಡಿ, ನಿಂದೇ ಬ್ರ್ಯಾಂಡು" ಅಂದರು. ಮಕ್ಕಳು ಕುಡಿದವು. ನಾನು ಕುಡಿದೆ ಅಂತ ಈಗಲೂ ದೊಡ್ಡಮ್ಮನ ನಂಬಿಕೆ.

ಹೀಗಿರುವಾಗ ಮೊನ್ನೆ ಭಾನುವಾರ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹುಣ್ಣಿಮೆ ಅಲ್ಲ, ಎಲ್ಲರಿಗೂ ರಜೆ ಅಂತ ಭಾನುವಾರ.

ಈ ಪೂಜೆಯ ಪ್ರಸಾದ ನಿಮಗೆ ಗೊತ್ತೇ ಇದೆ. ಸಪಾದ. ರವೆ, ಹಾಲು, ತುಪ್ಪ, ಸಕ್ಕರೆ, ಬಾಳೆಹಣ್ಣು, ಎಲ್ಲ ಒಂದೂಕಾಲರ ಅಳತೆಯಲ್ಲಿ. ಐದರಲ್ಲಿ ಎರಡು ನನ್ನ ವೈರಿಗಳು. ಅದಕ್ಕೂ ಮುಂಚೆ ತೀರ್ಥ ಅಂತ ಪಂಚಾಮೃತ. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಇಲ್ಲೂ ಐದಕ್ಕೆ ಎರಡು. ಹೋಗಲಿ, ಬೇಡ ಅಂತ ಕೈಮುಗಿದು ಎದ್ದುಬಿಡೋಣ ಅಂದರೆ ಆ ಕಥೆ ಕೇಳಿದ್ದೀರಲ್ಲ? ಸಾಧು ಅನ್ನೋ ವ್ಯಾಪಾರಿಯ ಮಗಳು ಕಲಾವತಿ ಗಂಡನನ್ನ ನೋಡೋ ಆತುರದಲ್ಲಿ ಪ್ರಸಾದ ತಗೊಳ್ಳದೆ ಓಡಿದಳು, ಗಂಡನ ಸಮೇತ ಹಡಗು ಮಾಯ. ಆಮೇಲೆ ತುಂಗಧ್ವಜ ಮಹಾರಾಜ. ಗೊಲ್ಲರು ಪ್ರೀತಿಯಿಂದ ಕೊಟ್ಟ ಪ್ರಸಾದವನ್ನ ಬಿಟ್ಟು ಹೋದ, ಮಕ್ಕಳು, ಐಶ್ವರ್ಯ ಎಲ್ಲ ಹೋಯಿತು. ಪುರೋಹಿತರು ಆ ಅಧ್ಯಾಯಕ್ಕೆ ಬಂದಾಗ ದನಿ ಎತ್ತರಿಸಿದರು. ನಲವತ್ತು ಜನ ಕೂತಿದ್ದ ಹಾಲಿನಲ್ಲಿ ದೊಡ್ಡಮ್ಮ ನಿಧಾನಕ್ಕೆ ತಿರುಗಿ ನನ್ನೊಬ್ಬನ ಮುಖ ನೋಡಿದರು. ಪಾಪ ತುಂಗಧ್ವಜ, ಅವನಿಗೂ ಸೀಲಿಯಾಕ್ ಇತ್ತೋ ಏನೋ, ಯಾರು ಕೇಳಿದರು?

ಮಂಗಳಾರತಿ ಆಯಿತು. ಸಾಲು ಹೊರಟಿತು. ಮೊದಲು ತೀರ್ಥ. ಬಲಗೈ ಒಡ್ಡಿದೆ, ಒಂದು ಉದ್ಧರಣೆ ಪಂಚಾಮೃತ ಬಿತ್ತು. ಎಲ್ಲರೂ ಕುಡಿದು ಕೈಯ ಪಸೆಯನ್ನ ತಲೆಗೆ ಒರೆಸಿಕೊಳ್ಳುತ್ತಾರಲ್ಲ, ನಾನು ಕುಡಿಯೋ ಹಂತವನ್ನ ಬಿಟ್ಟು ನೇರ ತಲೆಗೆ ಹೋದೆ. ಪೂರ್ತಿ ಉದ್ಧರಣೆ. ಜೇನು, ಮೊಸರು ಎರಡೂ ಬೈತಲೆಯಿಂದ ಕಿವಿ ಹಿಂದಕ್ಕೆ ಇಳಿಯತೊಡಗಿತು. ಪಕ್ಕದಲ್ಲಿದ್ದ ಯಾರೋ ಹಿರಿಯರು, "ಏನು ಭಕ್ತಿ!" ಅಂತ ಮೆಚ್ಚಿಕೊಂಡರು.

ಆಮೇಲೆ ಸಪಾದ. ಬಡಿಸುತ್ತಿದ್ದವರು ಸ್ವತಃ ದೊಡ್ಡಮ್ಮ. "ಒಂಚೂರು" ಅಂತಲೇ ಒಂದು ನಿಂಬೆಹಣ್ಣಿನ ಗಾತ್ರದ ಉಂಡೆ ಅಂಗೈಗೆ ಇಟ್ಟರು. ಕಣ್ಣಿಗೆ ಒತ್ತಿಕೊಂಡೆ. ಈಗ ಏನು ಮಾಡೋದು? ಬಿಸಿ ಬಿಸಿ, ಘಮಘಮ, ತುಪ್ಪ ಬೆರಳ ಸಂದಿಯಿಂದ ಜಿನುಗಿ ಮೊಣಕೈ ಕಡೆ ಹೊರಟಿದೆ. ಆ ವಾಸನೆ ಬಗ್ಗೆ ನಾನು ಜಾಸ್ತಿ ಬರೆಯಲ್ಲ, ಬರೆದರೆ ಅಳು ಬರುತ್ತೆ. ಪಕ್ಕದ ಹುಡುಗನಿಗೆ "ತಗೋ ಪುಟ್ಟ" ಅಂದೆ. "ನನ್ನ ಹತ್ರ ಇದೆ ಅಂಕಲ್" ಅಂತ ತನ್ನದೇ ತೋರಿಸಿದ. ಹೆಂಡತಿ ಎಲ್ಲಿ ಅಂತ ಹುಡುಕಿದರೆ ಅವಳು ಹೆಂಗಸರ ಗುಂಪಿನ ನಡುವೆ ಅರಿಶಿನ ಕುಂಕುಮ ತಗೊಳ್ಳುತ್ತಿದ್ದಾಳೆ. ಅಷ್ಟರಲ್ಲಿ ಅದೇ ಹಿರಿಯರು ನನ್ನ ಭಕ್ತಿಯಿಂದ ಕರಗಿ, ಪರಿಚಯ ಮಾಡಿಕೊಳ್ಳೋಕೆ ಕೈ ಚಾಚಿಕೊಂಡು ಬಂದರು. ಬಲಗೈ ಕೊಡೋ ಹಾಗಿಲ್ಲ. ಎಡಗೈ ಕೊಟ್ಟರೆ ಮರ್ಯಾದೆ ಅಲ್ಲ. ಎರಡೂ ಬಿಟ್ಟು ಬಗ್ಗಿ ಅವರ ಕಾಲಿಗೇ ನಮಸ್ಕಾರ ಮಾಡಿದೆ, ಬಗ್ಗಿದ ಮರೆಯಲ್ಲಿ ಎಡಗೈಯಿಂದ ಕರ್ಚೀಫು ತೆಗೆದು, ಉಂಡೆ ಸುತ್ತಿ, ಜುಬ್ಬಾ ಜೇಬಿಗೆ ಇಳಿಸಿದೆ. ಏಳುವಾಗ ಸೊಂಟ ಹಿಡಿದುಕೊಂಡಿತು. ಆದರೆ ಕೆಲಸ ಆಗಿತ್ತು.

ದೊಡ್ಡಮ್ಮ ತಟ್ಟೆ ಹಿಡಿದು ಹಿಂದಿರುಗಿ ಬಂದವರು ನನ್ನ ಖಾಲಿ ಅಂಗೈ ನೋಡಿದರು. ಮುಖ ಅರಳಿತು. "ತಿಂದ್ಯಾ?"

ನಾನು ತಲೆಯನ್ನ ಯಾವ ಕಡೆಗೂ ಅರ್ಥ ಮಾಡಿಕೊಳ್ಳಬಹುದಾದ ರೀತಿಯಲ್ಲಿ ಆಡಿಸಿದೆ.

"ನೋಡು," ಅಂದರು, ಇಡೀ ಹಾಲಿಗೆ ಕೇಳೋ ಹಾಗೆ. "ಏನಾದ್ರೂ ಆಯ್ತಾ? ಸುಮ್ನೆ ಮೂರು ವರ್ಷ ಎಲ್ಲರನ್ನೂ ಹೆದರಿಸಿಟ್ಟಿದ್ದ."

ಊಟಕ್ಕೆ ಕೂತಾಗ ನನಗೆ ಗೆದ್ದ ಹುಮ್ಮಸ್ಸು. ಅದೂ ಅಲ್ಲದೆ ದೊಡ್ಡಮ್ಮ ನಿಜವಾಗಿಯೂ ನನಗೆ ಅಂತ ಬೇರೆ ಸಾರು ಮಾಡಿದ್ದರು. ಪುಟ್ಟ ಪಾತ್ರೆ, ಅದಕ್ಕೆ ಬೇರೆ ಮುಚ್ಚಳ, ಮುಚ್ಚಳದ ಮೇಲೆ ನನ್ನ ಹೆಸರಿನ ಚೀಟಿ. ಮೂರು ವರ್ಷದಲ್ಲಿ ಇದು ಮೊದಲು. "ತುಪ್ಪದ ಒಗ್ಗರಣೆ ಅಲ್ಲ, ಎಣ್ಣೆ. ಸೌಟೂ ಬೇರೆ ಇಟ್ಟಿದೀನಿ" ಅಂದರು. ಗಂಟಲು ಕಟ್ಟಿತು ನನಗೆ. ಮೂರು ಸಲ ಹಾಕಿಸಿಕೊಂಡು ತಿಂದೆ, ಕೊನೆಗೆ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದೆ.

ಒಂದೂವರೆ ಗಂಟೆಯಲ್ಲಿ ಹೊಟ್ಟೆಯೊಳಗೆ ಜಂಬೂ ಸವಾರಿ ಹೊರಟಿತು.

ಅಡುಗೆಮನೆಗೆ ಹೋಗಿ ಒಂದೊಂದೇ ಡಬ್ಬಿ ತೆಗೆದು ನೋಡಿದೆ. ಬೇಳೆ ಸರಿ, ಹುಣಸೆ ಸರಿ, ಸಾರಿನ ಪುಡಿ ಮನೆಯದ್ದೇ. ಕೊನೆಗೆ ಸಿಕ್ಕಿದ್ದು ಇಂಗು. ಇಂಗಿನ ಪುಡಿಯಲ್ಲಿ ಹಿಟ್ಟು ಬೆರೆಸಿರುತ್ತಾರೆ ಅನ್ನೋದು ನನಗೆ ಗೊತ್ತಿತ್ತು, ನಮ್ಮ ಮನೆಗೆ ಅಕ್ಕಿ ಹಿಟ್ಟು ಹಾಕಿದ್ದನ್ನೇ ಹುಡುಕಿ ತರುತ್ತೇವೆ. ಈ ವಿಷಯ ದೊಡ್ಡಮ್ಮನಿಗೂ ಹೇಳಿದ್ದೆ. ಅದಕ್ಕೇ ಅವರು ಪುಡಿ ಬಿಟ್ಟು ಗಟ್ಟಿ ಇಂಗು ಹಾಕಿದ್ದರು, ಅಪ್ಪಟ ಅಂತ. ನಾನೂ ಗಟ್ಟಿ ಇಂಗು ಅಪ್ಪಟ ಅಂತಲೇ ನಂಬಿದ್ದೆ. ಡಬ್ಬಿ ತಿರುಗಿಸಿ, ಫೋನಿನ ಟಾರ್ಚು ಹಾಕಿ, ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಇರುವೆ ಕಾಲಿನಷ್ಟು ಸಣ್ಣ ಅಕ್ಷರ. ಗೋಂದು, ಗೋಧಿ ಹಿಟ್ಟು, ಇಂಗು. ಈ ಕ್ರಮದಲ್ಲಿ. ಅಂದರೆ ಇಂಗಿನ ಡಬ್ಬಿಯಲ್ಲಿ ಇಂಗಿಗೆ ಮೂರನೇ ಸ್ಥಾನ. ನಿಜವಾದ ಇಂಗು ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ಬರೋ ಗಿಡದ ಹಾಲು, ಹಾಗೇ ಹಾಕಿದರೆ ಘಾಟು ತಡೆಯೋಕಾಗಲ್ಲ, ಅದಕ್ಕೇ ಹಿಟ್ಟು ಸೇರಿಸೋದು. ನಮ್ಮ ದೇಶದಲ್ಲೇ ಬೆಳೆಯೋಣ ಅಂತ 2020ರಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟಿದ್ದಾರೆ. ಅಲ್ಲಿ ಬೆಳೆದರೂ ಡಬ್ಬಿಗೆ ಬರೋ ಹೊತ್ತಿಗೆ ಹಿಟ್ಟು ಬೀಳೋದೇ.

"ಇಂಗಲ್ಲಿ ಗೋಧಿನಾ?" ಅಂತ ದೊಡ್ಡಮ್ಮ ಡಬ್ಬಿಯನ್ನ ಕಣ್ಣ ಹತ್ತಿರ ಹಿಡಿದು, ದೂರ ಹಿಡಿದು, ಮೂಸಿ ನೋಡಿದರು. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಗಾದೆ ಮಾಡಿದವರು ಆ ಮಂಗ ಯಾಕೆ ಹಾಗೆ ಮುಖ ಮಾಡಿತು ಅಂತ ವಿಚಾರಿಸಬೇಕಿತ್ತು. ಅದಕ್ಕೂ ಸೀಲಿಯಾಕ್ ಇದ್ದಿರಬಹುದು.

ಆದರೆ ದೊಡ್ಡಮ್ಮನ ತರ್ಕ ಬೇರೆ. "ಎಷ್ಟು ಹಾಕಿದ್ದೆ ನಾನು? ಕಡಲೆಕಾಳಷ್ಟು ಇಂಗು. ಅದರಿಂದ ಆಗುತ್ತಾ? ಅಷ್ಟು ರವೆ ಪ್ರಸಾದ ತಿಂದಾಗಲೇ ಏನೂ ಆಗಲಿಲ್ಲ!"

ಇದಕ್ಕೆ ನಾನು ಏನು ಹೇಳಬೇಕು? ಸಾರೇ ಕಾರಣ ಅಂತ ಸಾಧಿಸಬೇಕು ಅಂದರೆ ಪ್ರಸಾದ ಜೇಬಲ್ಲಿದೆ ಅಂತ ಒಪ್ಪಿಕೊಳ್ಳಬೇಕು. ಹಾಲಲ್ಲಿ ಪುರೋಹಿತರು ಇನ್ನೂ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದಾರೆ. ಜುಬ್ಬಾದ ಬಲಗಡೆ ಅಂಗೈಯಗಲ ತುಪ್ಪದ ಕಲೆ ಮೂಡಿದೆ, ಅದನ್ನ ಮೊಣಕೈಯಿಂದ ಮುಚ್ಚಿಕೊಂಡು ನಿಂತಿದ್ದೇನೆ. ಹೊಟ್ಟೆ ಒಳಗಿನಿಂದ ಕೂಗುತ್ತಿದೆ. ನಾನು ತುಂಗಧ್ವಜನನ್ನ ನೆನೆದು ಬಾಯಿ ಮುಚ್ಚಿಕೊಂಡೆ.

ವಾಪಸ್ ಬರೋ ದಾರಿಯ ಬಗ್ಗೆ ಹೆಚ್ಚು ಹೇಳಲ್ಲ. ಮೈಸೂರು-ಬೆಂಗಳೂರು ಹೊಸ ಹೆದ್ದಾರಿ ಮಂಡ್ಯಕ್ಕೂ ಹೋಗಲ್ಲ, ಮದ್ದೂರಿಗೂ ಹೋಗಲ್ಲ, ಎಲ್ಲ ಬೈಪಾಸು. ಮೊದಲಾದರೆ ಪ್ರತಿ ಊರಲ್ಲಿ ಒಂದು ಹೋಟೆಲು, ಹೋಟೆಲಿನ ಹಿಂದೆ ಒಂದು ಬಾತ್‌ರೂಮು ಇರುತ್ತಿತ್ತು. ಈಗ ಒಂದೂವರೆ ಗಂಟೆಯಲ್ಲಿ ಬೆಂಗಳೂರು ಮುಟ್ಟಬಹುದು ಅಂತ ಎಲ್ಲರೂ ಹೊಗಳುತ್ತಾರೆ. ಆ ಒಂದೂವರೆ ಗಂಟೆ ಎಷ್ಟು ಉದ್ದ ಅಂತ ನನ್ನನ್ನ ಕೇಳಿ.

ಪ್ರಸಾದವನ್ನ ಎಸೆಯಬಾರದು ಅಂತ ಮನೆಗೆ ಬಂದು ರಾತ್ರಿ ಹನ್ನೊಂದಕ್ಕೆ ಮುಂದಿನ ಮಾವಿನ ಗಿಡದ ಬುಡಕ್ಕೆ ಇಟ್ಟೆ. ಬೆಳಿಗ್ಗೆಗೆ ಒಂದು ಕಣ ಉಳಿದಿರಲಿಲ್ಲ. ಇರುವೆಗಳಿಗೆ ಏನೂ ಆಗಿಲ್ಲ, ನೋಡಿಕೊಂಡೇ ಬಂದೆ. ಜುಬ್ಬಾದ ಕಲೆ ಮಾತ್ರ ಹೋಗಿಲ್ಲ. ಹೆಂಡತಿ ಸೀಗೆಪುಡಿ, ನಿಂಬೆಹಣ್ಣು, ಕೊನೆಗೆ ಪಾತ್ರೆ ತೊಳೆಯೋ ಸೋಪು ಎಲ್ಲ ಹಾಕಿ ನೋಡಿದಳು. ತೊಳೆದಷ್ಟೂ ಘಮಘಮ ಅನ್ನುತ್ತೆ. ಅದನ್ನ ಹಿತ್ತಲಲ್ಲಿ ಒಣಹಾಕಿದ್ದಾಳೆ, ಆ ಕಡೆ ಹೋದಾಗಲೆಲ್ಲ ನಾನು ಒಂದು ಸಲ ಮೂಸಿ ಬರುತ್ತೇನೆ. ಮೂಸೋಕೆ ಯಾವ ಡಾಕ್ಟರೂ ಬೇಡ ಅಂದಿಲ್ಲ.

ಇಷ್ಟು ಬರೆಯೋ ಹೊತ್ತಿಗೆ ದೊಡ್ಡಮ್ಮನ ಫೋನು. ದಿನಾ ಎರಡು ಸಲ ಮಾಡುತ್ತಿದ್ದಾರೆ. ಸಾರಿನ ಪಾತ್ರೆ ವಿಷಯ ಮನಸ್ಸಿಗೆ ಹಚ್ಚಿಕೊಂಡುಬಿಟ್ಟಿದ್ದಾರೆ ಪಾಪ.

"ಹೆಂಗಿದೆಯೋ ಹೊಟ್ಟೆ?"

"ಪರವಾಗಿಲ್ಲ ದೊಡ್ಡಮ್ಮ. ಇವತ್ತು ಗಂಜಿ ಕುಡಿದೆ."

"ಗಂಜಿಲೆಲ್ಲ ಹೋಗಲ್ಲ ಕಣೋ ಅದು. ನಾನು ಹೇಳ್ತೀನಿ ಕೇಳು, ನಮ್ಮಮ್ಮ ಮಾಡ್ತಿದ್ದಿದ್ದು. ಒಂದು ಲೋಟ ನೀರು ಮಜ್ಜಿಗೆ ತಗೋ. ಉಪ್ಪು ಹಾಕು. ಅದಕ್ಕೆ ಒಂಚೂರು ಇಂಗು ಕದಡಿಕೊಂಡು ಕುಡಿದು ಮಲಗು. ಬೆಳಿಗ್ಗೆಗೆ ಸರಿ ಹೋಗುತ್ತೆ."

"ಆಯ್ತು ದೊಡ್ಡಮ್ಮ" ಅಂದೆ.